ಏಳು ನಿಮಿಷದ ಕೆಲಸ

ಎಡಗಡೆಯ ಗುಂಡಿಯನ್ನು ಒತ್ತಿ ಹಿಡಿದರೆ ಪರದೆ ಒಂದು ಕ್ಷಣ ಬೂದುಬಣ್ಣಕ್ಕೆ ತಿರುಗುತ್ತಿತ್ತು, ಬ್ಯಾಟರಿಯ ಪುಟ್ಟ ಚಿತ್ರ ಎರಡು ಸಲ ಮಿಟುಕುತ್ತಿತ್ತು, ಆಮೇಲೆ ಎಲ್ಲವೂ ಕಪ್ಪು. ಬೆಳಗಿನಿಂದ ಇದು ಒಂಬತ್ತನೆಯ ಸಲ. ಒಂಬತ್ತು ಸಲವೂ ಅವರು ಉಸಿರು ಬಿಗಿಹಿಡಿದಿದ್ದರು. ಒಂಬತ್ತು ಸಲವೂ ಆ ಬೂದುಬಣ್ಣದ ಹಿಂದೆ ಏನೋ ಅಂಕಿ ಕಂಡಂತಾಗಿ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಯಂತ್ರ ಕಣ್ಣು ಮುಚ್ಚಿಬಿಟ್ಟಿತ್ತು. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಬೀದಿಯವರೆಲ್ಲ ಇವತ್ತಿಗೂ ಗಡಿಯಾರದಜ್ಜ ಎಂದೇ ಕರೆಯುತ್ತಾರೆ. ನಿಂತುಹೋದ ಗಡಿಯಾರವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗೆ ಎಲ್ಲಿ ನೋವು ಎಂದು ಅವರಿಗೆ ಗೊತ್ತಾಗುತ್ತಿತ್ತು. ಇದನ್ನು ಅಲ್ಲಾಡಿಸಿದರೆ ಏನೂ ಕೇಳಿಸುವುದಿಲ್ಲ. ಒಳಗೆ ಚಕ್ರವಿಲ್ಲ, ಸುರುಳಿಯಿಲ್ಲ. ಉದ್ದ ರಬ್ಬರು ಪಟ್ಟಿಗೆ ಸಿಕ್ಕಿಸಿದ, ಬಿಸ್ಕತ್ತಿನಷ್ಟು ದಪ್ಪದ ಒಂದು ಕರಿಯ ಬಿಲ್ಲೆ. ನೀರಿನೊಳಗೆ ಇಳಿಯುವವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರ್. ಎಷ್ಟು ಆಳದಲ್ಲಿದ್ದೀಯ, ಇನ್ನೆಷ್ಟು ನಿಮಿಷ ಇರಬಹುದು, ಯಾವಾಗ ಮೇಲಕ್ಕೆ ಏಳಬೇಕು ಎಂದು ಹೇಳುವ ಯಂತ್ರ. ಏಳು ತಿಂಗಳ ಹಿಂದೆ ಅದು ಅವರ ಅಳಿಯನ ಕೈಯಲ್ಲಿತ್ತು. ಕೈಯಲ್ಲಿತ್ತೋ ಚೀಲದಲ್ಲಿತ್ತೋ, ಅದೇ ಈಗ ಗೊತ್ತಾಗಬೇಕಾದದ್ದು.

ಪಕ್ಕದ ಕೋಣೆಯಲ್ಲಿ ಮಗಳು ಗಂಡನ ಸಾಮಾನುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ರಬ್ಬರಿನ ದಪ್ಪ ಉಡುಪನ್ನು ಮಡಿಸುವ ಸದ್ದು, ಸೀಸದ ತೂಕದ ಬಿಲ್ಲೆಗಳು ಒಂದಕ್ಕೊಂದು ತಾಗುವ ಸದ್ದು. ಫೆರ್ರಿಯ ಟಿಕೆಟ್ ಕಿಟಕಿಯಲ್ಲಿ ಕೂರುವವಳು. ಇವತ್ತು ಇದಕ್ಕೆಂದೇ ರಜೆ ಹಾಕಿದ್ದಳು. ನಾಲ್ಕು ಗಂಟೆಗೆ ಹಗ್ಗದಣ್ಣ ಬಂದು ಎಲ್ಲವನ್ನೂ ತೆಗೆದುಕೊಂಡು ಹೋಗುತ್ತಾನೆ. ಅಳಿಯ ಬಂದರಿನಲ್ಲಿ ಹಡಗುಗಳ ಅಡಿ ನೋಡಲು ಇಳಿಯುತ್ತಿದ್ದಾಗ ದೋಣಿಯ ಮೇಲೆ ಕೂತು ಅವನ ಸೊಂಟದ ಹಗ್ಗ ಹಿಡಿಯುತ್ತಿದ್ದವನು ಅವನೇ. ಅದರಿಂದ ಬಂದ ಹೆಸರು. ಸಾಮಾನು ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ಮಗಳೇ ಅವನನ್ನು ಕರೆದಿದ್ದಳು. ಅವಳು ಅಳುತ್ತಾ ಮಡಿಸುತ್ತಿದ್ದರೆ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಏಳು ತಿಂಗಳಿಂದ ಅತ್ತಿರಲೇ ಇಲ್ಲ. ಸಿಟ್ಟಾಗಿದ್ದಳು. ಬಂದರಿನ ಕಚೇರಿಯವರು ಕಾಗದದಲ್ಲಿ ಬರೆದುಕೊಟ್ಟದ್ದು ಒಂದೇ ಸಾಲು: ಅನುಮತಿಗಿಂತ ಹೆಚ್ಚು ಹೊತ್ತು ತಳದಲ್ಲಿ ಉಳಿದದ್ದು, ಸ್ವಂತ ಅಜಾಗರೂಕತೆ. ಹಗ್ಗದಣ್ಣನೂ ಅದನ್ನೇ ಹೇಳಿದ್ದ. ಹನ್ನೆರಡನೆಯ ನಿಮಿಷಕ್ಕೆ ಎರಡು ಸಲ ಹಗ್ಗ ಎಳೆದು ಮೇಲೆ ಬಾ ಎಂದಿದ್ದನಂತೆ. ಕೆಳಗಿನಿಂದ ಒಂದೇ ಎಳೆತ ಬಂತಂತೆ, ಸರಿಯಾಗಿದ್ದೇನೆ ಎಂದು. ಇಪ್ಪತ್ತು ನಿಮಿಷ ದಾಟಿಸಿ ಮೇಲೆ ಬಂದವನು ದೋಣಿಯಲ್ಲಿ ಕೂತು ಮೊಣಕೈ ನೋವು ಎಂದ, ತಲೆ ತಿರುಗುತ್ತದೆ ಎಂದ, ಕಾಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ಅಣ್ಣಾ ಎಂದ. ಆಸ್ಪತ್ರೆಯಲ್ಲಿ ತೀರಿಕೊಂಡ. ರಕ್ತದಲ್ಲಿ ಗುಳ್ಳೆ ಎದ್ದಿತ್ತು ಎಂದರು ಡಾಕ್ಟರು. "ಒಂದು ಹಡಗಿನ ಅಡಿ ಇವತ್ತೇ ಮುಗಿಸ್ಬೇಕು ಅಂತ ಹಟ. ಹಟಕ್ಕೆ ಹೆಂಡತಿ ಬೇಡ, ಮನೆ ಬೇಡ," ಎಂದು ಮಗಳು ಒಂದು ದಿನ ಪಾತ್ರೆ ತೊಳೆಯುತ್ತಾ ಗೋಡೆಗೆ ಹೇಳಿದಳು. ಅವರು ಹಿಂದೆಯೇ ನಿಂತಿದ್ದರು. ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಆ ದಿನ ಮಧ್ಯಾಹ್ನ ಅಳಿಯ ಊಟಕ್ಕೆ ಬಂದಿದ್ದ. ಬೆಳಿಗ್ಗೆ ಒಂದು ಸಲ ಇಳಿದು ಬಂದು, ಊಟ ಮಾಡಿ, ಚಾಪೆಯ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿದ್ದ. ಯಂತ್ರವನ್ನು ಬಚ್ಚಲ ನಲ್ಲಿಗೆ ನೇತುಹಾಕಿದ್ದ. ಉಪ್ಪುನೀರು ಹೋಗಲೆಂದು ಯಾವಾಗಲೂ ಹಾಗೆ ತೊಳೆದು ನೇತುಹಾಕುವುದು ಅವನ ಪದ್ಧತಿ. ಅವರು ಕೈ ತೊಳೆಯಲು ಹೋದಾಗ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗುರುತು ಕಾಲುಭಾಗಕ್ಕೆ ಇಳಿದದ್ದು ಕಂಡಿತು. ಅದಕ್ಕೆ ಹಿಂದಿನ ವಾರವಷ್ಟೇ, ಮಗಳ ಕಚೇರಿಯವರು ಇಬ್ಬರು ಮನೆಗೆ ಬಂದಿದ್ದಾಗ, ಇವರು ಯಂತ್ರದ ಬೆನ್ನಿನ ಮುಚ್ಚಳವನ್ನು ನೋಡಿ, ಇದೇನು ಮಹಾ, ಒಂದು ನಾಣ್ಯ ಇದ್ದರೆ ನಾನೇ ಬಿಚ್ಚುತ್ತೇನೆ ಎಂದಿದ್ದರು. ಅಳಿಯ ಅವರ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡಿದ್ದ. "ಮಾವ, ಇದು ಗಡಿಯಾರ ಅಲ್ಲ," ಎಂದು ನಕ್ಕಿದ್ದ. ಬಂದವರೂ ನಕ್ಕಿದ್ದರು. ಮಗಳೂ. ಅದರಲ್ಲಿ ಅವಮಾನವಾಗುವಂಥದ್ದು ಏನೂ ಇರಲಿಲ್ಲ. ಆದರೆ ಒಂದು ವಾರ ಆ ಮಾತು ಉಗುರಿನ ಸಂದಿನ ಸಿಬಿರಿನ ಹಾಗೆ ಇತ್ತು. ಅಂಗಡಿ ಮುಚ್ಚಿ ನಾಲ್ಕು ವರ್ಷ. ಯಾರೂ ಏನನ್ನೂ ಬಿಚ್ಚಿಕೊಡಿ ಎಂದು ಕೇಳುತ್ತಿರಲಿಲ್ಲ. ಮೇಜಿನ ಡ್ರಾಯರಿನಲ್ಲಿ ಅದೇ ಅಳತೆಯ ಹೊಸ ಬ್ಯಾಟರಿ ಇತ್ತು. ಅವನು ಏಳುವುದರೊಳಗೆ ಮುಚ್ಚಳ ತಿರುಗಿಸಿ, ಹಳೆಯದನ್ನು ತೆಗೆದು, ರಬ್ಬರಿನ ಉಂಗುರವನ್ನು ಒರೆಸಿ, ಅದಕ್ಕೆ ತೆಳ್ಳಗೆ ಗ್ರೀಸು ಸವರಿ, ಹೊಸದನ್ನು ಕೂರಿಸಿ, ಮುಚ್ಚಳ ಬಿಗಿದರು. ಯಂತ್ರ ದಿನಾಂಕ, ಗಂಟೆ ಕೇಳಿತು. ಫೋನಿನಲ್ಲಿ ನೋಡಿ ಸೆಕೆಂಡು ಸಮೇತ ಇಟ್ಟರು. ಏಳು ನಿಮಿಷದ ಕೆಲಸ. ಮತ್ತೆ ನಲ್ಲಿಗೆ ನೇತುಹಾಕಿ ಬಂದು ಏನೂ ಆಗದವರ ಹಾಗೆ ಕೂತರು. ಹೇಳಲಿಲ್ಲ. ಸಂಜೆ ಅವನೇ ನೋಡಿ, ಮಾವ, ಬ್ಯಾಟರಿ ತುಂಬಿದೆಯಲ್ಲ, ಯಾರು ಹಾಕಿದ್ದು ಎಂದು ಕೇಳಬೇಕು, ಆಗ ಇವರು ಕನ್ನಡಕ ಒರೆಸುತ್ತಾ, ಇದು ಗಡಿಯಾರ ಅಲ್ಲವಂತಲ್ಲಪ್ಪ ಎನ್ನಬೇಕು. ಆ ಒಂದು ಮಾತನ್ನು ಅವರು ಆ ಮಧ್ಯಾಹ್ನವೆಲ್ಲ ಬಾಯಲ್ಲಿ ಇಟ್ಟುಕೊಂಡು ಚಪ್ಪರಿಸುತ್ತಿದ್ದರು. ಆಸ್ಪತ್ರೆಯಿಂದ ಫೋನು ಬಂದಾಗಲೂ ಅದು ಬಾಯಲ್ಲೇ ಇತ್ತು.

ಮೂರು ತಿಂಗಳಾದ ಮೇಲೆ, ಅವನ ಕಪಾಟಿನಲ್ಲಿ ಯಂತ್ರದ ಕೈಪಿಡಿ ಸಿಕ್ಕಿತು. ಅಕ್ಷರ ಇರುವೆಯಷ್ಟು. ಭೂತಗನ್ನಡಿ ಹಿಡಿದು ಓದಿದರು. ನಲವತ್ತೊಂದನೆಯ ಪುಟದಲ್ಲಿ, ಚೌಕಟ್ಟು ಹಾಕಿ, ಎಚ್ಚರಿಕೆ ಎಂದು ಬರೆದಿತ್ತು. ನೀರಿನಿಂದ ಬಂದ ದಿನ ಬ್ಯಾಟರಿ ಬದಲಾಯಿಸಬಾರದು. ಆಳದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯೊಳಗೆ ಸೇರಿರುತ್ತದೆ. ಅದು ನಿಧಾನವಾಗಿ ಗಂಟೆಗಟ್ಟಲೆ ಇಳಿಯುತ್ತಾ ಹೋಗುತ್ತದೆ. ಎಷ್ಟು ಉಳಿದಿದೆ ಎಂದು ಯಂತ್ರ ಲೆಕ್ಕ ಇಟ್ಟಿರುತ್ತದೆ. ಬ್ಯಾಟರಿ ತೆಗೆದರೆ ಆ ಲೆಕ್ಕ ಅಳಿಸಿಹೋಗುತ್ತದೆ. ಮತ್ತೆ ಇಳಿದರೆ, ಈತ ಇವತ್ತು ನೀರನ್ನೇ ಮುಟ್ಟಿಲ್ಲ ಎಂದುಕೊಂಡು ಯಂತ್ರ ಹೆಚ್ಚು ಹೊತ್ತು ಬಿಡುತ್ತದೆ. ಅವರು ಆ ಪುಟವನ್ನು ಮೂರು ಸಲ ಓದಿ, ಕೈಪಿಡಿಯನ್ನು ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಇಟ್ಟು ಬಂದರು. ಕಳ್ಳ ಹಾಗೆ ಇಡುತ್ತಾನೆ.

ಆಮೇಲಿನ ನಾಲ್ಕು ತಿಂಗಳು ಬೆಳಿಗ್ಗೆ ದೇವರ ಮುಂದೆ ಕೂತಾಗ ಅವರಿಗೆ ಒಂದೇ ಪ್ರಾರ್ಥನೆ. ಮೊದಮೊದಲು ಅದು ಪ್ರಾರ್ಥನೆಯ ಹಾಗೇ ಇತ್ತು: ಸತ್ಯ ಗೊತ್ತಾಗಲಿ ತಂದೆ. ಆದರೆ ಎಂಬತ್ತರ ಹತ್ತಿರ ಬಂದವನಿಗೆ ದೇವರಿಗೆ ಸುಳ್ಳು ಹೇಳುತ್ತಾ ಬಹಳ ದಿನ ಕೂರಲು ಆಗುವುದಿಲ್ಲ. ಒಂದು ದಿನ ಕಣ್ಣು ಮುಚ್ಚಿದಾಗಲೇ ತಾನು ಏನನ್ನು ಬೇಡುತ್ತಿದ್ದೇನೆ ಎಂಬುದು ತಟ್ಟನೆ ಕಂಡಿತು. ಅವನು ಯಂತ್ರವನ್ನು ಕಟ್ಟಿಕೊಂಡೇ ಇರಲಿಲ್ಲ ಎಂದಾಗಲಿ. ಇಲ್ಲವೇ ಕಟ್ಟಿಕೊಂಡಿದ್ದು, ಯಂತ್ರ ಸಾಕು ಎಂದ ಮೇಲೂ ಹಟ ಮಾಡಿ ಉಳಿದ ಎಂದಾಗಲಿ. ಹಾಗಾದರೆ ತಪ್ಪು ಅವನದೇ. ಸತ್ತವನು ದುರಾಸೆಯವನಾಗಿರಲಿ, ಮೂರ್ಖನಾಗಿರಲಿ, ನನ್ನ ಮಗಳು ಅವನನ್ನು ಬೈಯುತ್ತಲೇ ಇರಲಿ. ಇದನ್ನೇ ಅವರು ಕೈ ಜೋಡಿಸಿಕೊಂಡು ಬೇಡುತ್ತಿದ್ದದ್ದು. ಅಂದು ಅವರು ಕೂತಲ್ಲಿಂದ ಎದ್ದುಬಿಟ್ಟರು. ಮಂಡಿ ಹಿಡಿದುಕೊಂಡಿತ್ತು, ಗೋಡೆ ಹಿಡಿದುಕೊಂಡು ನಿಂತರು. ಆಮೇಲೆ ಬೇಡಲೂ ಇಲ್ಲ, ಬೇಡುವುದನ್ನು ಬಿಡಲೂ ಇಲ್ಲ.

"ಅಪ್ಪ, ಆ ಕಂಪ್ಯೂಟರ್ ನಿಮ್ಮ ಹತ್ರಾನೇ ಇದ್ಯಲ್ಲ? ಚೀಲಕ್ಕೆ ಹಾಕ್ಬೇಕು," ಎಂದಳು ಮಗಳು ಒಳಗಿನಿಂದ.

"ಇದೆ ಪುಟ್ಟೀ. ಆನ್ ಆಗ್ತಿಲ್ಲ. ಕೆಟ್ಟಿರೋದನ್ನ ಕೊಟ್ರೆ ಚೆನ್ನಾಗಿರುತ್ತಾ? ಸರಿ ಮಾಡಿ ಕೊಡ್ತೀನಿ."

"ಹಗ್ಗದಣ್ಣ ಮಾಡ್ಕೋತಾರೆ ಬಿಡಿ. ನಿಮಗ್ಯಾಕೆ ಆ ಉಸಾಬರಿ."

ಹಗ್ಗದಣ್ಣ ಮಾಡಿಕೊಂಡರೆ ಅದರಲ್ಲಿರುವುದನ್ನು ಮೊದಲು ಓದುವವನು ಅವನು. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಈಜು ಮತ್ತು ಡೈವಿಂಗ್ ಸಾಮಾನಿನ ಅಂಗಡಿ ಹಳೆಯ ಗೋದಾಮುಗಳ ಬೀದಿಯ ಕೊನೆಯಲ್ಲಿತ್ತು. ಗಾಜಿನ ಬಾಗಿಲಿಗೆ ಎಳೆಯಿರಿ ಎಂದು ಬರೆದಿದ್ದರೂ ಅವರು ತಳ್ಳಿದರು. ಒಳಗಿದ್ದ ಅಂಗಡಿಯಾಕೆ ಕೂತಲ್ಲಿಂದಲೇ ಕೈಸನ್ನೆ ಮಾಡಿ ಎಳೆಯಲು ಹೇಳಿದಳು. ಐವತ್ತರ ಹೆಂಗಸು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಯಂತ್ರವನ್ನು ಕೈಗೆ ತೆಗೆದುಕೊಂಡ ರೀತಿಯಲ್ಲೇ ಅವರಿಗೆ ಗೊತ್ತಾಯಿತು, ಈಕೆಗೆ ಕೆಲಸ ಬರುತ್ತದೆ. ಅವಳು ಅದರ ಬೆನ್ನು ತಿರುಗಿಸಿ ನೋಡಿ ನಾಲಗೆಯಲ್ಲಿ ಲೊಚ್ ಎಂದಳು.

"ಅಜ್ಜಾ, ಇದನ್ನ ತೊಳೆಯದೇ ಎಷ್ಟು ದಿನ ಇಟ್ಟಿದ್ರಿ?"

"ಏಳು ತಿಂಗಳು."

"ಅದಕ್ಕೇ ನೋಡಿ. ಈ ಎರಡು ಹಿತ್ತಾಳೆ ಚುಕ್ಕೆ ಇದೆಯಲ್ಲ, ನೀರು ತಾಗಿದ್ರೆ ಯಂತ್ರ ತಾನಾಗೇ ಎಚ್ಚರ ಆಗ್ಲಿ ಅಂತ ಇರೋದು. ಅದರ ಮೇಲೆ ಉಪ್ಪು ಕಟ್ಕೊಂಡಿದೆ. ಪಾಪ ಅದಕ್ಕೇನು ಗೊತ್ತು, ಇನ್ನೂ ನೀರಲ್ಲೇ ಇದೀನಿ ಅಂದ್ಕೊಂಡು ಬ್ಯಾಟರಿಯೆಲ್ಲ ತಿಂದು ಹಾಕಿದೆ."

ಇನ್ನೂ ನೀರಲ್ಲೇ ಇದೆ ಎಂದುಕೊಂಡಿದೆ. ಏಳು ತಿಂಗಳು ಕಪಾಟಿನ ಕೆಳಗಿನ ಅರೆಯಲ್ಲಿ, ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದೊಳಗೆ, ಮನೆಯವರೆಲ್ಲ ಮಲಗಿ ಏಳುತ್ತಾ ಇದ್ದಾಗ. ಆ ದಿನ ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು ನೇತುಹಾಕುವವನು ಇರಲಿಲ್ಲ.

"ಬ್ಯಾಟರಿ ತೆಗೆದ್ರೆ ಒಳಗೆ ಬರ್ಕೊಂಡಿರೋದು ಹೋಗ್ಬಿಡುತ್ತಾ ತಾಯಿ?" ಎಂದು ಕೇಳಿದರು. ಇಷ್ಟು ದಿನ ಅವರ ಕೈಯನ್ನು ತಡೆದಿದ್ದ ಭಯ ಅದೊಂದೇ.

"ಡೈವ್ ಲಾಗ್ ಹೋಗಲ್ಲ. ಎಷ್ಟು ಆಳ, ಎಷ್ಟು ನಿಮಿಷ, ಅದೆಲ್ಲ ಹಾಗೇ ಇರುತ್ತೆ. ಹೋಗೋದು ಮೈಯಲ್ಲಿ ಎಷ್ಟು ಗಾಳಿ ಉಳಿದಿದೆ ಅನ್ನೋ ನೆನಪು. ಅದಕ್ಕೇ ಎರಡು ಡೈವ್ ಮಧ್ಯೆ ಯಾವ ಕಾರಣಕ್ಕೂ ಬ್ಯಾಟರಿ ಮುಟ್ಬಾರ್ದು. ಈಗ ಏಳು ತಿಂಗಳಾಗಿದೆ, ಮುಟ್ಟಿ ಪರವಾಗಿಲ್ಲ." ಅವಳು ನಕ್ಕಳು. "ಕೊಡಿ, ನಾನೇ ಹಾಕ್ಕೊಡ್ತೀನಿ."

"ಬೇಡ. ನಾನು ಹಾಕ್ತೀನಿ."

"ಅಯ್ಯೋ, ಇದು ಕೈಗಡಿಯಾರ ಅಲ್ಲ ಅಜ್ಜಾ. ಉಂಗುರ ಸರಿ ಕೂರದಿದ್ರೆ ನೀರು ಹೋಗುತ್ತೆ."

"ಗೊತ್ತು," ಎಂದರು. ದನಿ ಅವರು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಅಂಗಡಿಯಾಕೆ ಕನ್ನಡಕದ ಮೇಲಿನಿಂದ ಅವರನ್ನು ನೋಡಿ, ಬ್ಯಾಟರಿಯನ್ನು ಪುಟ್ಟ ಕಾಗದದ ಚೀಲಕ್ಕೆ ಹಾಕಿಕೊಟ್ಟಳು. ಹೊರಡುವಾಗ ಅವರು ಬಾಗಿಲನ್ನು ತಳ್ಳುವ ಬದಲು ಎಳೆದರು.

ದಾರಿಯುದ್ದಕ್ಕೂ ಸಿಟ್ಟು. ಆ ಹೆಂಗಸಿನ ಮೇಲಲ್ಲ. ಹಾಳು ಯಂತ್ರವನ್ನು ಮಾಡಿದವರ ಮೇಲೆ. ಅಷ್ಟು ದೊಡ್ಡ ವಿಷಯವನ್ನು ನಲವತ್ತೊಂದನೆಯ ಪುಟದಲ್ಲಿ ಇರುವೆಯಕ್ಷರದಲ್ಲಿ ಬರೆಯುವುದೇ? ಮುಚ್ಚಳದ ಮೇಲೇ ಕೆತ್ತಬಾರದಿತ್ತೇ? ನಾಣ್ಯದಲ್ಲಿ ತೆರೆಯುವ ಮುಚ್ಚಳ ಇಟ್ಟು ಯಾಕೆ ಕರೆದರು? ಐವತ್ತು ವರ್ಷದಲ್ಲಿ ಅವರು ಬಿಚ್ಚಿದ ಒಂದು ಗಡಿಯಾರವೂ ಇಂಥ ಮೋಸ ಮಾಡಿರಲಿಲ್ಲ. ಗಡಿಯಾರವನ್ನು ಬಿಚ್ಚಿದರೆ ನಿಲ್ಲುತ್ತದೆ, ನಿಂತದ್ದು ಎಲ್ಲರಿಗೂ ಕಾಣುತ್ತದೆ, ಮತ್ತೆ ಸಮಯ ಇಟ್ಟರೆ ಆಯಿತು. ನಿಂತು, ಮರೆತು, ಮರೆತದ್ದನ್ನು ಯಾರಿಗೂ ಹೇಳದೆ, ನಗುಮುಖದಲ್ಲಿ ಸರಿಯಾದ ಗಂಟೆ ತೋರಿಸುವುದು ಎಂಥ ಯಂತ್ರ? ರಸ್ತೆ ದಾಟುವಾಗ ಯಾರೋ ಹಾರನ್ ಹೊಡೆದರು. ಎಲ್ಲಿ ನೋಡ್ಕೊಂಡು ಹೋಗ್ತೀರಿ ತಾತ ಎಂದರು. ನಾಲ್ಕು ತಿಂಗಳಿಂದ ಸರಿಯಾದ ಗಂಟೆ ತೋರಿಸಿಕೊಂಡು ನಗುಮುಖದಲ್ಲಿ ಓಡಾಡುತ್ತಿರುವವನು ಇನ್ನೊಬ್ಬ ಇದ್ದಾನೆ ಎಂಬುದು ಹೊಳೆದು ಅವರು ನಡುರಸ್ತೆಯಲ್ಲೇ ನಿಂತುಬಿಟ್ಟಿದ್ದರು.

ಮನೆಗೆ ಬರುವಾಗ ಎರಡೂವರೆ. ಮಗಳು ಊಟಕ್ಕೆ ಕರೆದಳು, ಆಮೇಲೆ ಎಂದರು. ಕಿಟಕಿಯ ಬಳಿ ಮೇಜಿಗೆ ಬಿಳಿ ಬಟ್ಟೆ ಹಾಸಿದರು. ಹಿಂದೆ ಗಿರಾಕಿಗಳು ಕಾಯುತ್ತಾ ನಿಂತಿರುವಾಗಲೂ ಬಟ್ಟೆ ಹಾಸದೆ ಅವರು ಏನನ್ನೂ ಬಿಚ್ಚಿದವರಲ್ಲ. ಆ ದಿನ ಮಾತ್ರ ಬಚ್ಚಲ ಕಟ್ಟೆಯ ಮೇಲೆ, ನಿಂತುಕೊಂಡು, ಬಾಗಿಲ ಕಡೆ ಒಂದು ಕಣ್ಣಿಟ್ಟು ಬಿಚ್ಚಿದ್ದರು. ನಾಣ್ಯ ಹಾಕಿ ತಿರುಗಿಸಿದರು. ಮುಚ್ಚಳ ಅಲ್ಲಾಡಲಿಲ್ಲ. ತಾವೇ ಬಿಗಿದ ಮುಚ್ಚಳ. ಮತ್ತೆ ತಿರುಗಿಸಿದರು, ನಾಣ್ಯ ಜಾರಿ ಹೆಬ್ಬೆರಳಿನ ಚರ್ಮ ಕಿತ್ತುಬಂತು. ಬಟ್ಟೆಯ ಮೇಲೆ ಒಂದು ಹನಿ ರಕ್ತ. ಬೆರಳನ್ನು ಬಾಯಲ್ಲಿಟ್ಟುಕೊಂಡು, ಅಳು ಬರುವಷ್ಟು ಸಿಟ್ಟಿನಿಂದ ಆ ಕರಿಯ ಬಿಲ್ಲೆಯನ್ನು ನೋಡಿದರು. ಕಂಪನಿಯ ಸಹಾಯದ ನಂಬರಿಗೆ ಫೋನು ಮಾಡಿದರು. ಒಂದು ಒತ್ತಿ ಎಂದಿತು ಒಂದು ದನಿ. ಒತ್ತಿದರು. ಎರಡು ಒತ್ತಿ ಎಂದಿತು. ಒತ್ತಿದರು. ಆಮೇಲೆ ಸಂಗೀತ. ಕೊನೆಗೆ ನಿಮ್ಮ ಮಾದರಿಯನ್ನು ಈಗ ತಯಾರಿಸುತ್ತಿಲ್ಲ, ಹೊಸ ಮಾದರಿಗಳ ಬಗ್ಗೆ ತಿಳಿಯಲು ಮೂರು ಒತ್ತಿ ಎಂದಿತು. "ನಿನ್ನ ಮನೆ ಹಾಳಾಗ," ಎಂದು ಅವರು ಫೋನಿಗೆ ಹೇಳಿದರು, ಜೀವಮಾನದಲ್ಲಿ ಯಾರಿಗೂ ಹೇಳಿರದ ಮಾತು. ಹೇಳಿದ ಕೂಡಲೆ ನಾಲಗೆ ಕಚ್ಚಿಕೊಂಡು ದೇವರ ಪಟದ ಕಡೆ ನೋಡಿದರು.

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮುಚ್ಚಳದ ಮೇಲೆ ಇಟ್ಟು ಕಾದರು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಆ ಎರಡು ಹಿತ್ತಾಳೆಯ ಚುಕ್ಕೆಗಳನ್ನು ಉಜ್ಜಿದರು. ಬಿಳಿಯ ಹರಳು ಹರಳಾಗಿ ಉಪ್ಪು ಕಿತ್ತುಬಂತು. ಒಂದು ಹರಳು ತುಟಿಗೆ ತಾಗಿತು. ಅದು ಆ ದಿನದ ನೀರು. ಅವರ ಕೈಗೆ ಈಗ ಕೆಲಸ ಸಿಕ್ಕಿತ್ತು. ಕೈಯೊಂದೇ ಐವತ್ತು ವರ್ಷ ಹಿಂದಕ್ಕೆ ಹೋಗಿ ತನ್ನ ಪಾಡಿಗೆ ತಾನು ಮಾಡುತ್ತಿತ್ತು. ಮುಚ್ಚಳ ಈ ಸಲ ಕಿರ್ರೆಂದು ತಿರುಗಿತು. ಒಳಗೆ ಅವರು ಹಾಕಿದ ಬ್ಯಾಟರಿ. ಉಂಗುರದ ಗ್ರೀಸು ಸವರಿದ ಹಾಗೇ ಇತ್ತು. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿತ್ತು. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದನ್ನು ನೋಡಿ, ನಾಚಿಕೆಯಾಗುವಂತೆ, ಅರೆಕ್ಷಣ ಅವರಿಗೆ ಸಂತೋಷವಾಯಿತು.

ಹೊಸ ಬ್ಯಾಟರಿ ಕೂರಿಸಿದ ಮೇಲೆ ಪರದೆ ಬೆಳಗಿತು. ಗಂಟೆ ಎಷ್ಟು ಎಂದು ಕೇಳಿತು. ಅವರು ಇಡಲಿಲ್ಲ. ಹನ್ನೆರಡು ಎಂದು ತೋರಿಸುತ್ತಲೇ ಇರಲಿ. ಬಲಗಡೆಯ ಗುಂಡಿಯನ್ನು ಮೂರು ಸಲ ಒತ್ತಿ ಲಾಗ್‌ಗೆ ಹೋಗಬೇಕು; ಅವರ ಬೆರಳು ಎರಡು ಸಲ ತಪ್ಪಿ, ಯಂತ್ರ ಏನೇನೋ ಕೇಳಿ, ಮತ್ತೆ ಮೊದಲಿಗೆ ಬಂದು, ಮೂರನೆಯ ಸಲ ತೆರೆಯಿತು. ಮೇಲಿನದು ಕೊನೆಯ ಡೈವ್. ದಿನಾಂಕ ಅದೇ. ಗಂಟೆ ಎರಡು ಹತ್ತು. ಅವರು ಸೆಕೆಂಡು ಸಮೇತ ಇಟ್ಟ ಗಂಟೆ. ಅಂದರೆ ಕಟ್ಟಿಕೊಂಡಿದ್ದ. ಒಂದು ಬಾಗಿಲು ಮುಚ್ಚಿತು. ಆಳ ಇಪ್ಪತ್ತೇಳು ಮೀಟರ್. ತಳದಲ್ಲಿ ಇಪ್ಪತ್ತು ನಿಮಿಷ. ಮಿತಿ ಮೀರಿದರೆ ಸಾಲಿನ ಪಕ್ಕದಲ್ಲಿ ಒಂದು ತ್ರಿಕೋನದ ಗುರುತು ಬೀಳುತ್ತದೆ ಎಂದು ಕೈಪಿಡಿಯಲ್ಲಿ ಓದಿದ್ದರು. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹುಡುಕಿದರು. ದೇವರೇ, ಒಂದು ತ್ರಿಕೋನ. ಇರಲಿಲ್ಲ. ಯಂತ್ರ ಅವನಿಗೆ ಕೊಟ್ಟದ್ದು ಇಪ್ಪತ್ತೆರಡು ನಿಮಿಷ. ಎರಡು ನಿಮಿಷ ಉಳಿಸಿಕೊಂಡೇ ಅವನು ಹೊರಟಿದ್ದ. ನಿಧಾನವಾಗಿ ಎದ್ದಿದ್ದ. ಐದು ಮೀಟರಿನಲ್ಲಿ ಮೂರು ನಿಮಿಷ ನಿಂತಿದ್ದ, ಮೈಯೊಳಗಿನ ಗಾಳಿ ಇಳಿಯಲೆಂದು ನಿಲ್ಲಬೇಕಾದ ಹಾಗೆ. ಹೇಳಿದ್ದನ್ನೆಲ್ಲ ಕೇಳಿದ್ದ. ಸಾಲಿನ ತುದಿಯಲ್ಲಿ, ಇದು ಆ ದಿನದ ಎಷ್ಟನೆಯ ಡೈವ್ ಎಂದು ತೋರಿಸುವ ಚೌಕದಲ್ಲಿ, ಒಂದು ಎಂದಿತ್ತು.

ಗುಂಡಿ ಒತ್ತಿ ಅದರ ಹಿಂದಿನ ಡೈವ್‌ಗೆ ಹೋದರು. ಅದೇ ದಿನ, ಬೆಳಿಗ್ಗೆ ಹತ್ತೂ ಐದು. ಇಪ್ಪತ್ತೇಳು ಮೀಟರ್. ಇಪ್ಪತ್ತೊಂದು ನಿಮಿಷ. ಅದರ ತುದಿಯಲ್ಲೂ ಒಂದು.

ಒಂದೇ ದಿನದಲ್ಲಿ ಎರಡು ಮೊದಲನೆಯ ಡೈವ್. ಎರಡರ ನಡುವೆ ಊಟ, ಚಾಪೆ, ಬಚ್ಚಲ ನಲ್ಲಿ, ಏಳು ನಿಮಿಷ. ಅವರು ಭೂತಗನ್ನಡಿಯನ್ನು ತೆಗೆದು ಬಟ್ಟೆಯ ಮೇಲೆ ಇಟ್ಟರು. ಹೊರಗೆ ಯಾರೋ ಸೈಕಲ್ಲು ನಿಲ್ಲಿಸಿದ ಸದ್ದಾಯಿತು. ಈಗ ಬೇಕಿದ್ದರೆ ಕೈಪಿಡಿಯ ಐವತ್ತನೆಯ ಪುಟದಲ್ಲಿ ಹೇಳಿದ ಹಾಗೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಲಾಗ್ ಎಲ್ಲ ಅಳಿಸಿಹೋಗುತ್ತದೆ. ಆ ಪುಟವನ್ನೂ ಅವರು ಓದಿಕೊಂಡಿದ್ದರು. ಎರಡು ಹೆಬ್ಬೆರಳೂ ಎರಡು ಗುಂಡಿಗಳ ಮೇಲೆ ಇದ್ದವು. ಎಷ್ಟು ಹೊತ್ತು ಇದ್ದವೋ ಅವರಿಗೆ ಗೊತ್ತಿಲ್ಲ. ಒಂದು ಬೆರಳಿನ ರಕ್ತ ಗುಂಡಿಗೆ ಅಂಟಿತ್ತು.

"ಏನಜ್ಜಾ, ಮತ್ತೆ ಅಂಗಡಿ ಶುರು ಮಾಡಿದ್ರಾ?" ಹಗ್ಗದಣ್ಣ ಬಾಗಿಲಲ್ಲಿ ನಿಂತು ನಗಲು ಪ್ರಯತ್ನಿಸಿದ. ದಪ್ಪ ಆಳು, ಈ ಮನೆಗೆ ಬಂದರೆ ಮಾತ್ರ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಒದ್ದಾಡುತ್ತಿದ್ದ. ಮಗಳು ಚೀಲವನ್ನು ಎಳೆದುಕೊಂಡು ಬಂದು ನಡುಮನೆಯಲ್ಲಿಟ್ಟಳು.

"ಎಲ್ಲಾ ಇದೆ ಅಣ್ಣಾ, ನೋಡ್ಕೊಳ್ಳಿ. ಅದೊಂದು ಅಪ್ಪನ ಕೈಲಿದೆ. ಅಪ್ಪ, ಕೊಡಿ."

"ಕೊಡ್ತೀನಿ. ಅದಕ್ಕೆ ಮುಂಚೆ ಇವನು ಒಂದು ಸಲ ಓದ್ಲಿ. ಜೋರಾಗಿ ಓದಪ್ಪಾ. ಅವಳಿಗೆ ಕೇಳಿಸ್ಲಿ."

ಹಗ್ಗದಣ್ಣ ಯಂತ್ರವನ್ನು ತೆಗೆದುಕೊಂಡು ಕೈಯನ್ನು ದೂರಕ್ಕೆ ಚಾಚಿ ಕಣ್ಣು ಕಿರಿದು ಮಾಡಿ ಓದಿದ. ಎರಡು ಹತ್ತು. ಇಪ್ಪತ್ತೇಳು ಮೀಟರ್. ಇಪ್ಪತ್ತು ನಿಮಿಷ. ಆಮೇಲೆ ಅವನ ದನಿ ನಿಂತಿತು. ಹೆಬ್ಬೆರಳಿನಿಂದ ಹಿಂದಿನದಕ್ಕೆ ಹೋದ, ಮುಂದಿನದಕ್ಕೆ ಬಂದ, ಮತ್ತೆ ಹಿಂದಿನದಕ್ಕೆ ಹೋದ. ಅವನಿಗೆ ಅರ್ಥವಾಗಲು ಕೈಪಿಡಿ ಬೇಕಿರಲಿಲ್ಲ.

"ಇದು ಬೆಳಿಗ್ಗೆಯ ಡೈವ್ ಮರೆತುಬಿಟ್ಟಿದೆಯಲ್ಲ," ಎಂದ. "ಹನ್ನೆರಡು ನಿಮಿಷ ಕೊಡೋ ಕಡೆ ಇಪ್ಪತ್ತೆರಡು ಕೊಟ್ಟಿದೆ. ಅದಕ್ಕೇ... ನಾನು ಎಳೆದಾಗ ಇನ್ನೂ ಹತ್ತು ನಿಮಿಷ ಇದೆ ಅಂತ ಇದು ಹೇಳ್ತಿತ್ತು ಅವನಿಗೆ. ಅದಕ್ಕೇ ಒಂದು ಸಲ ಎಳೆದ. ನಾನು ಹಟ ಅಂದ್ಕೊಂಡೆ. ಎಲ್ಲರಿಗೂ ಹಾಗೇ ಹೇಳ್ದೆ." ಅವನು ಚೀಲದ ಪಕ್ಕದಲ್ಲೇ ನೆಲಕ್ಕೆ ಕೂತ. "ಮಧ್ಯೆ ಯಾರೋ ಬ್ಯಾಟರಿ ತೆಗೆದಿದ್ದಾರೆ. ಅವನು ತೆಗೆಯೋನಲ್ಲ, ಅವನಿಗೆ ಗೊತ್ತು. ಯಾರು ತೆಗೆದಿದ್ದು?"

ಮಗಳು ತಂದೆಯ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ನೋಡುತ್ತಿದ್ದಳು, ಅದರ ಮೇಲಿನ ನಾಣ್ಯವನ್ನು.

"ನಾನು," ಎಂದರು ಅವರು. "ಅವನು ಮಲಗಿದ್ದ. ಹೇಳ್ಲಿಲ್ಲ ಅವನಿಗೆ. ಸಂಜೆ ಅವನೇ ನೋಡಿ ಕೇಳ್ಲಿ ಅಂತ ಆಸೆ ಇತ್ತು. ನಾಲ್ಕು ತಿಂಗಳಾಯ್ತು, ಪುಸ್ತಕದಲ್ಲಿ ಓದಿ. ಓದಿಯೂ ನೀನು ಅವನನ್ನ ಬೈತಿದ್ದಾಗ ಸುಮ್ನೆ ಕೇಳಿಸ್ಕೊಂಡಿದ್ದೆ."

ಇಷ್ಟು ಹೇಳಲು ಏಳು ನಿಮಿಷವೂ ಹಿಡಿಯಲಿಲ್ಲ. ಅವಳು ಕಿರುಚುತ್ತಾಳೆ ಎಂದುಕೊಂಡಿದ್ದರು. ಯಂತ್ರವನ್ನು ಎತ್ತಿ ತಮ್ಮ ಮುಖಕ್ಕೆ ಎಸೆಯಬಹುದು ಎಂದುಕೊಂಡಿದ್ದರು. ಅದಕ್ಕೆ ಸಿದ್ಧರಾಗಿಯೂ ಇದ್ದರು, ಹಾಗಾದರೆ ಒಳ್ಳೆಯದು ಎಂದೂ ಇತ್ತು. ಅವಳು ಹಗ್ಗದಣ್ಣನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು:

"ಮೇಲೆ ಬರುವಾಗ?"

"ಏನಮ್ಮಾ?"

"ಮೇಲೆ ಬರುವಾಗ ಅವಸರ ಮಾಡಿದ್ರಾ? ಅದರಲ್ಲಿ ಇರುತ್ತಲ್ಲ, ಓದಿ."

"ಇಲ್ಲಮ್ಮಾ. ನಿಧಾನಕ್ಕೆ ಬಂದಿದ್ದಾನೆ. ಐದು ಮೀಟರಲ್ಲಿ ನಿಂತಿದ್ದಾನೆ. ಮೂರು ನಿಮಿಷ ಪೂರ್ತಿ ನಿಂತಿದ್ದಾನೆ."

"ಮೂರು ನಿಮಿಷ ನಿಂತಿದ್ರು," ಎಂದಳು ಅವಳು, ಕಲಿಯುತ್ತಿರುವವಳ ಹಾಗೆ. ಅವನ ಕೈಯಿಂದ ಯಂತ್ರವನ್ನು ತೆಗೆದುಕೊಂಡಳು. "ಅಣ್ಣಾ, ಇವತ್ತು ಏನೂ ಒಯ್ಯಬೇಡಿ. ಬೇಜಾರು ಮಾಡ್ಕೋಬೇಡಿ." ಹಗ್ಗದಣ್ಣ ತಲೆಯಾಡಿಸಿ, ಎದ್ದು, ಚಪ್ಪಲಿ ಹುಡುಕುವುದಕ್ಕೆ ಬಹಳ ಹೊತ್ತು ಮಾಡಿ, ಹೋದ. ಆಮೇಲೆ ಅವಳು, ಇನ್ನೂ ತಂದೆಯ ಕಡೆ ನೋಡದೆ, ಬಹಳ ಮೆತ್ತಗೆ ಹೇಳಿದಳು: "ಅಪ್ಪ, ನೀವು ಸ್ವಲ್ಪ ಹೊತ್ತು ಹೊರಗೆ ಹೋಗಿ."

ಅವರು ಹೋದರು. ಮೆಟ್ಟಿಲ ಮೇಲೆ ಕೂತರು. ಹಿಂದೆ ಬಾಗಿಲು ಮುಚ್ಚಿತು, ಅಗುಳಿ ಬಿತ್ತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು, ಏಳು ತಿಂಗಳು ತಡವಾಗಿ, ಗಂಡ ಸತ್ತ ಹೆಂಗಸು ಅಳುವ ಅಳು. ಅದು ತಮಗಾಗಿ ಅಲ್ಲ, ತಮ್ಮ ಮೇಲಿನ ಸಿಟ್ಟಿಗೂ ಅಲ್ಲ, ಆ ಮೂರು ನಿಮಿಷ ನಿಂತವನಿಗಾಗಿ ಎಂದು ಅವರಿಗೆ ತಿಳಿಯಿತು. ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕೈ ಜೋಡಿಸಿದರು. ಬೇಡುವುದಕ್ಕೆ ಏನೂ ಉಳಿದಿರಲಿಲ್ಲ. ಕ್ಷಮೆಯನ್ನು ಬೇಡಬಹುದಿತ್ತು, ಅದನ್ನು ಕೊಡಬೇಕಾದವಳು ಬಾಗಿಲ ಆಚೆ ಇದ್ದಳು, ಮತ್ತು ಕೊಡದೆ ಇರುವ ಹಕ್ಕೂ ಅವಳದೇ. ಬಿಸಿಲು ಮೋರಿಯ ಅಂಚನ್ನು ಬಿಟ್ಟು ಎದುರು ಗೋಡೆಯ ಮೇಲಕ್ಕೆ ಏರಿತು. ಎಷ್ಟು ಹೊತ್ತಾಯಿತೋ. ಗಂಟೆ ನೋಡಲು ಕೈ ಎತ್ತಿದರು. ಗಡಿಯಾರವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಬಂದಿದ್ದರು.

ಅಗುಳಿ ತೆಗೆದ ಸದ್ದಾಯಿತು. ಬಾಗಿಲು ಒಂದು ಗೇಣು ತೆರೆಯಿತು. ಅವಳು ಹೊರಗೆ ಬರಲಿಲ್ಲ. ಆ ಸಂದಿನಲ್ಲಿ ಅವಳ ಒಂದು ಕೈ ಮಾತ್ರ ಕಾಣುತ್ತಿತ್ತು. ಯಂತ್ರವನ್ನು ಕಟ್ಟಿಕೊಂಡಿದ್ದಳು, ಗಂಡಸಿನ ದಪ್ಪ ಉಡುಪಿನ ಮೇಲೆ ಕಟ್ಟುವ ಪಟ್ಟಿ ಅವಳ ಮಣಿಕಟ್ಟಿಗೆ ಎರಡು ಸುತ್ತು ಬಂದಿತ್ತು.

"ಅಪ್ಪ, ಇದರಲ್ಲಿ ಗಂಟೆ ತಪ್ಪು ತೋರಿಸ್ತಿದೆ."

"ಗೊತ್ತು. ನಾನು ಇಟ್ಟಿಲ್ಲ."

"ಇಡಬೇಡಿ," ಎಂದಳು. ಕೈ ಒಳಗೆ ಹೋಯಿತು. ಬಾಗಿಲು ಹಾಗೇ ಒಂದು ಗೇಣು ತೆರೆದೇ ಇತ್ತು. ಅದು ಒಳಗೆ ಬನ್ನಿ ಎಂದೋ, ಅಲ್ಲೇ ಇರಿ ಎಂದೋ ಅವರಿಗೆ ತಿಳಿಯಲಿಲ್ಲ. ಅವರು ಎದ್ದು ನಿಂತರು, ಒಳಗೆ ಹೋಗಲಿಲ್ಲ; ಅವಳು ಕರೆಯಲಿ ಎಂದು ಮೆಟ್ಟಿಲ ಮೇಲೆ ಗೋಡೆ ಹಿಡಿದುಕೊಂಡು ಹಾಗೇ ನಿಂತರು.